ಆಂಟೀರಿಯರ್ ಅಪ್ರೋಚ್: ವಿಧಾನವಲ್ಲ, ದಾರಿ

ಅಪಘಾತದಲ್ಲಿ ಕತ್ತಿನ ಮೂಳೆ ಮುರಿದವರಿಗೆ 'ಆಂಟೀರಿಯರ್ (ಮುಂಬದಿಯ) ವಿಧಾನದಲ್ಲಿ ಶಸ್ತ್ರಚಿಕಿತ್ಸೆ' ನಡೆಯಿತು ಎಂದು, ಇಂಗ್ಲಿಷಿನ ಅಪ್ರೋಚ್ ಪದಕ್ಕೆ 'ವಿಧಾನ' ಎಂದು ಹಾಕಿ, ಬರೆಯುವುದು ರೂಢಿಯಾಗಿಬಿಟ್ಟಿದೆ. ಅದರ ಬೆನ್ನಿಗೇ 'ಪೋಸ್ಟೀರಿಯರ್ (ಹಿಂಬದಿಯದು) ಹಳೆಯದು, ಇದು ಹೊಸದು' ಎಂಬ ವಿವರಣೆಯೂ ಬರುತ್ತದೆ. ಎರಡೂ ತಪ್ಪು. ಎರಡನೆಯದು ಹುಟ್ಟಿದ್ದೇ ಮೊದಲನೆಯದರಿಂದ.

ಅಪ್ರೋಚ್ ಪದದ ಬೇರು ಲ್ಯಾಟಿನ್ನಿನ 'ಪ್ರೋಪೆ', ಅಂದರೆ ಹತ್ತಿರ. ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದಾಗ ಅದಕ್ಕಿದ್ದ ಅರ್ಥ ಹತ್ತಿರ ಹೋಗುವುದು ಎಂದೇ. ಸಮಸ್ಯೆಯನ್ನು ನೋಡುವ ರೀತಿ ಎಂಬರ್ಥ ಆಮೇಲೆ ಸೇರಿಕೊಂಡಿತು. ಶಸ್ತ್ರಚಿಕಿತ್ಸಕರ ಬಾಯಲ್ಲಿ ಇವತ್ತಿಗೂ ಉಳಿದಿರುವುದು ಹಳೆಯ ಅರ್ಥ: ಚರ್ಮದಿಂದ ಮೂಳೆಯವರೆಗೆ ಯಾವ ಕಡೆಯಿಂದ, ಯಾವುದರ ನಡುವೆ ಹಾದುಹೋಗುವುದು ಎಂಬುದು. ತಲುಪಿದ ಮೇಲೆ ಮಾಡುವ ಕೆಲಸಕ್ಕೆ ಬೇರೆಯೇ ಹೆಸರಿದೆ. ಬೆನ್ನುಮೂಳೆಗಳ ನಡುವಿನ ಮೆತ್ತೆಯಾದ ಡಿಸ್ಕ್ ತೆಗೆದರೆ ಡಿಸ್ಕೆಕ್ಟಮಿ, ಮೂಳೆಗಳನ್ನು ಬೆಸೆದರೆ ಫ್ಯೂಷನ್, ಹಿಂಬದಿಯ ಕಮಾನು ತೆಗೆದರೆ ಲ್ಯಾಮಿನೆಕ್ಟಮಿ. ಫ್ಯೂಷನ್ನನ್ನು ಮುಂದಿನಿಂದಲೂ ಮಾಡುತ್ತಾರೆ, ಹಿಂದಿನಿಂದಲೂ ಮಾಡುತ್ತಾರೆ. ಹಾಗಿರುವಾಗ 'ಆಂಟೀರಿಯರ್ ವಿಧಾನ' ಎಂದರೆ ಏನು ಮಾಡಿದರು ಎಂಬುದೇ ತಿಳಿಯುವುದಿಲ್ಲ.

ಸೊಂಟದ ಡಿಸ್ಕ್ ತೆಗೆಯಲು ಹಿಂದಿನಿಂದ ಹೋಗಿ ನರಗಳನ್ನು ತುಸು ಪಕ್ಕಕ್ಕೆ ಸರಿಸಬಹುದು. ಅಷ್ಟು ಕೆಳಗೆ ಬೆನ್ನುಹುರಿ ಮುಗಿದಿರುತ್ತದೆ. ಕತ್ತಿನಲ್ಲಿ ಇರುವುದು ಬೆನ್ನುಹುರಿಯೇ, ಅದನ್ನು ಸರಿಸುವಂತಿಲ್ಲ. ಡಿಸ್ಕ್ ಇರುವುದು ಅದರ ಮುಂದೆ. ಹಾಗಾಗಿ ಒಡೆದ ಡಿಸ್ಕ್ ಬೆನ್ನುಹುರಿಯನ್ನು ಒತ್ತುತ್ತಿದ್ದರೆ ಸಾಮಾನ್ಯವಾಗಿ ಮುಂದಿನಿಂದಲೇ ಹೋಗುತ್ತಾರೆ. ಅಮೆರಿಕದ ಶಸ್ತ್ರಚಿಕಿತ್ಸಕರಾದ ರಾಬಿನ್ಸನ್ ಮತ್ತು ಸ್ಮಿತ್ 1950ರ ದಶಕದಲ್ಲಿ ವಿವರಿಸಿದ ದಾರಿ ಇದು, ಹೊಸದೇನಲ್ಲ. ಒಂದು ಪಕ್ಕದಲ್ಲಿ ಕೆರೋಟಿಡ್ ರಕ್ತನಾಳ, ಇನ್ನೊಂದು ಪಕ್ಕದಲ್ಲಿ ಶ್ವಾಸನಾಳ ಮತ್ತು ಅನ್ನನಾಳ. ನಡುವಿನ ಸಂದಿಯಲ್ಲಿ ಹೆಚ್ಚು ಸ್ನಾಯು ಕತ್ತರಿಸದೆ ಮೂಳೆ ಮುಟ್ಟಬಹುದು. ಶಸ್ತ್ರಚಿಕಿತ್ಸೆಯಾದ ಮೇಲೆ ಕೆಲವರಿಗೆ ನುಂಗಲು ಕಷ್ಟವಾಗುವುದು, ದನಿ ಒಡೆಯುವುದು ಈ ದಾರಿಯಿಂದಲೇ. ಬಹುಪಾಲು ಜನರಲ್ಲಿ ಅದು ಕ್ರಮೇಣ ಕಡಿಮೆಯಾಗುತ್ತದೆ. ದಾರಿ ಎಂದು ಮೊದಲೇ ಹೇಳಿದ್ದರೆ 'ಮೂಳೆಯ ಆಪರೇಷನ್‌ಗೆ ಗಂಟಲು ಯಾಕೆ ಕೆಟ್ಟಿತು' ಎಂದು ಮನೆಯವರು ಕಂಗಾಲಾಗುತ್ತಿರಲಿಲ್ಲ.

ಹಿಂಬದಿಯಿಂದ ಹೋಗುವ ಪೋಸ್ಟೀರಿಯರ್ ದಾರಿ ಮೊದಲು ಬಳಕೆಗೆ ಬಂದದ್ದು ನಿಜ. ಆದರೆ ಅದು ಹಿಂದೆ ಬಿದ್ದಿಲ್ಲ. ಹಿಂಬದಿಯ ಕೀಲುಗಳು ತಪ್ಪಿ ಒಂದಕ್ಕೊಂದು ಸಿಕ್ಕಿಕೊಂಡಾಗ, ಹಲವು ಮೂಳೆಗಳನ್ನು ಒಟ್ಟಿಗೆ ಬಿಗಿಯಬೇಕಾದಾಗ ಅದೇ ಅನುಕೂಲ. ತಲೆಬುರುಡೆಯ ಕೆಳಗಿನ ಮೊದಲೆರಡು ಮೂಳೆಗಳನ್ನು ಹಿಂದಿನಿಂದ ಸ್ಕ್ರೂ, ಪ್ಲೇಟ್ ಹಾಕಿ ಬಿಗಿಯುವ ತಂತ್ರವನ್ನು ಮುಂಬೈನ ನರಶಸ್ತ್ರಚಿಕಿತ್ಸಕ ಅತುಲ್ ಗೋಯಲ್ ಮತ್ತು ಸಂಗಡಿಗರು ಪ್ರಕಟಿಸಿದ್ದು 1994ರಲ್ಲಿ, ಅಂದರೆ ರಾಬಿನ್ಸನ್ ದಾರಿ ಬಂದು ದಶಕಗಳಾದ ಮೇಲೆ. ಬಿಗಿಯುವ ತಂತ್ರ ಹೊಸದು, ಹೋದ ದಾರಿ ಹಳೆಯದೇ.

ಮುಂದೆಯೂ ಹಿಂದೆಯೂ ಕಿತ್ತುಹೋದ ಗಾಯಗಳಿಗೆ ಎರಡೂ ಕಡೆಯಿಂದ ಹೋಗಬೇಕಾಗುತ್ತದೆ, ಕೆಲವೊಮ್ಮೆ ಒಂದೇ ದಿನ, ರೋಗಿಯನ್ನು ಮಗುಚಿ ಮಲಗಿಸಿ. ಅದನ್ನು 'ಎರಡು ವಿಧಾನ ಬಳಸಿದರು' ಎಂದು ಬರೆದರೆ, ಮೊದಲನೆಯದು ಕೈಕೊಟ್ಟಿದ್ದಕ್ಕೆ ಎರಡನೆಯದು ಮಾಡಿದರು ಎಂದೇ ಓದುವವರು ತಿಳಿಯುತ್ತಾರೆ.