ದೆವ್ವದ ಆಟಗಳ ಲೆಕ್ಕ

2020ರ ಮೇ 16, ಶನಿವಾರ. ನಮ್ಮಲ್ಲಿ ಲಾಕ್‌ಡೌನಿನ ಮೂರನೇ ಕಂತು ಮುಗಿಯಲು ಒಂದು ದಿನ ಬಾಕಿ ಇತ್ತು. ಸಂಜೆ ಏಳಕ್ಕೆ ಜರ್ಮನಿಯ ಡಾರ್ಟ್‌ಮಂಡ್‌ನಲ್ಲಿ ಫುಟ್‌ಬಾಲ್ ಶುರುವಾಯಿತು. ಯುರೋಪಿನ ದೊಡ್ಡ ಲೀಗೊಂದು ಎರಡು ತಿಂಗಳ ಮೇಲೆ ಕಣ್ಣು ಬಿಟ್ಟದ್ದು ಅವತ್ತೇ. ಆದರೆ ಕಣ್ಣಿಗೆ ಕಾಣುವುದಕ್ಕೂ ಕಿವಿಗೆ ಬೀಳುವುದಕ್ಕೂ ತಾಳೆಯೇ ಇಲ್ಲ. ಚೆಂಡಿಗೆ ಬೂಟು ತಾಗಿದ ‘ಧಪ್’ ಸದ್ದು ಮನೆಯ ಸೋಫಾದವರೆಗೂ ಕೇಳುತ್ತಿತ್ತು. ಬದಲಿ ಆಟಗಾರರು ಮಾಸ್ಕ್ ಹಾಕಿಕೊಂಡು, ಮದುವೆಮನೆಯಲ್ಲಿ ಮುನಿಸಿಕೊಂಡ ನೆಂಟರ ಹಾಗೆ ದೂರ ದೂರ ಕೂತಿದ್ದರು. ಡಾರ್ಟ್‌ಮಂಡ್‌ನ ಎರ್ಲಿಂಗ್ ಹಾಲಂಡ್ ಮೊದಲ ಗೋಲು ಹೊಡೆದಾಗ ಯಾರೂ ಓಡಿಬಂದು ಅವನ ಮೈಮೇಲೆ ಬೀಳಲಿಲ್ಲ. ಶಾಲ್ಕೆ ವಿರುದ್ಧ 4–0 ಗೆದ್ದ ಡಾರ್ಟ್‌ಮಂಡ್ ಹುಡುಗರು ವಾಡಿಕೆಯಂತೆ ದಕ್ಷಿಣದ ಗ್ಯಾಲರಿಯ ಎದುರು ಹೋಗಿ ನಿಂತು ಸಂಭ್ರಮಿಸಿದರು. ಮಾಮೂಲಿ ದಿನಗಳಲ್ಲಿ ಅಲ್ಲಿ ಸುಮಾರು 25,000 ಜನ ನಿಂತೇ ಆಟ ನೋಡುತ್ತಾರೆ. ಅದಕ್ಕೆ ‘ಹಳದಿ ಗೋಡೆ’ ಎಂದೇ ಹೆಸರು. ಅವತ್ತು ಅಲ್ಲಿದ್ದದ್ದು ಬರೀ ಮೆಟ್ಟಿಲು.

ಇಂಥ ಪಂದ್ಯಕ್ಕೆ ಜರ್ಮನರು ‘ಗೈಸ್ಟರ್‌ಶ್ಪೀಲ್’ ಅನ್ನುತ್ತಾರೆ. ದೆವ್ವದ ಆಟ.

ಈ ದೆವ್ವದ ಆಟ ಬೇಕೋ ಬೇಡವೋ ಎಂಬ ಜಗಳ ಆ ವಸಂತದಲ್ಲಿ ಯುರೋಪಿನ ಫುಟ್‌ಬಾಲ್ ಅಭಿಮಾನಿಗಳನ್ನು ಸೀಳಿಹಾಕಿತ್ತು. ಎಲ್ಲರಿಗಿಂತ ಹೆಚ್ಚು ಸಂಕಟ ಪಟ್ಟವರು ಲಿವರ್‌ಪೂಲ್‌ನವರು. 1990ರ ನಂತರ ಇಂಗ್ಲಿಷ್ ಲೀಗ್ ಗೆದ್ದಿರದ ತಂಡ ಅದು. ಮಾರ್ಚ್ 13ರಂದು ಪ್ರೀಮಿಯರ್ ಲೀಗ್ ನಿಂತಾಗ ಎರಡನೆಯ ಸ್ಥಾನದ ಮ್ಯಾಂಚೆಸ್ಟರ್ ಸಿಟಿಗಿಂತ 25 ಅಂಕ ಮುಂದಿತ್ತು, ಇನ್ನೆರಡು ಗೆಲುವು ಸಾಕಿತ್ತು. ‘ಈ ಸಲದ ಲೀಗನ್ನೇ ರದ್ದು ಮಾಡಿ’ ಎಂದು ಎದುರಾಳಿ ತಂಡಗಳ ಅಭಿಮಾನಿಗಳು ಹೇಳಿದರೆ ಅದರಲ್ಲಿ ಆರೋಗ್ಯದ ಕಾಳಜಿ ಎಷ್ಟು, ಹೊಟ್ಟೆಕಿಚ್ಚು ಎಷ್ಟು ಎಂದು ಬೇರೆ ಮಾಡುವುದು ಕಷ್ಟವಿತ್ತು. ನನ್ನ ಗೆಳೆಯನೊಬ್ಬ ಬೆಂಗಳೂರಿನಲ್ಲಿ ಕೂತೇ ಲಿವರ್‌ಪೂಲ್‌ಗೆ ಹರಕೆ ಹೊತ್ತವನು. ಅವನಿಗೆ ಆ ಮೂರು ತಿಂಗಳು ವೈರಸ್ಸಿಗಿಂತ ‘ರದ್ದು’ ಎಂಬ ಎರಡಕ್ಷರದ್ದೇ ಭಯ.

ರದ್ದು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ನೆದರ್ಲೆಂಡ್ಸ್ ಕಣ್ಣೆದುರೇ ಇತ್ತು. ಏಪ್ರಿಲ್ 24ರಂದು ಅಲ್ಲಿ ಲೀಗ್ ಅಷ್ಟಕ್ಕೇ ಮುಗಿಯಿತು. ಚಾಂಪಿಯನ್ ಇಲ್ಲ, ಮೇಲಿನ ದರ್ಜೆಗೆ ಏರಿದವರಿಲ್ಲ, ಕೆಳಗಿನ ದರ್ಜೆಗೆ ಇಳಿದವರಿಲ್ಲ. ಅಯಾಕ್ಸ್ ಮತ್ತು ಎಝಡ್ ಎರಡೂ 56 ಅಂಕದಲ್ಲಿದ್ದವು. ಗೋಲು ವ್ಯತ್ಯಾಸದಲ್ಲಿ ಅಯಾಕ್ಸ್ ಮೇಲಿತ್ತು, ಆದರೆ ಮುಖಾಮುಖಿಯಾದ ಎರಡೂ ಸಲ ಗೆದ್ದದ್ದು ಎಝಡ್. ಎರಡನೇ ದರ್ಜೆಯಲ್ಲಿ ಮೊದಲ ಸ್ಥಾನದಲ್ಲಿದ್ದ ಕಾಂಬ್ಯೂರ್ ಅಲ್ಲೇ ಉಳಿಯಿತು. ಫ್ರಾನ್ಸ್ ಇನ್ನೊಂದು ದಾರಿ ಹಿಡಿದು, ಪಂದ್ಯಕ್ಕೆ ಸರಾಸರಿ ಎಷ್ಟು ಅಂಕ ಎಂಬ ಭಾಗಾಕಾರದಿಂದ ಪ್ಯಾರಿಸ್ ತಂಡಕ್ಕೆ ಕಿರೀಟ ತೊಡಿಸಿತು. ಭಾಗಾಕಾರಕ್ಕೆ ಮುಂದೆ ಎದುರಾಗಲಿದ್ದ ತಂಡ ಬಲವಾದದ್ದೋ ಬಡಕಲೋ ಗೊತ್ತಾಗುವುದಿಲ್ಲ.

ವಿಚಿತ್ರವೆಂದರೆ, ಆಟ ಶುರು ಮಾಡಬೇಡಿ ಎಂದು ಗಟ್ಟಿಯಾಗಿ ಕೂಗಿದವರು ಜರ್ಮನಿಯ ಕಟ್ಟಾ ಅಭಿಮಾನಿ ಬಣಗಳು. ಇಡೀ ವಾರ ಬ್ಯಾನರ್ ಬರೆದು, ತೊಂಬತ್ತು ನಿಮಿಷ ಗಂಟಲು ಹರಿದುಕೊಳ್ಳುವ ಜನ. ದೇಶವೇ ಟೆಸ್ಟಿಗೆ ಪರದಾಡುವಾಗ ಆಟಗಾರರಿಗೆ ವಾರ ವಾರ ಟೆಸ್ಟ್ ಯಾಕೆ, ಇದೆಲ್ಲ ಟಿ.ವಿ. ಹಣಕ್ಕಾಗಿ ತಾನೇ ಎಂಬುದು ಅವರ ಪ್ರಶ್ನೆ. ಅದು ನ್ಯಾಯದ ಪ್ರಶ್ನೆ, ವಿಜ್ಞಾನ ಅದಕ್ಕೆ ಉತ್ತರಿಸಲಾರದು. ಆದರೆ ಎರಡೂ ಕಡೆಯವರು ಕೇಳುತ್ತಿದ್ದ ಇನ್ನೊಂದು ಪ್ರಶ್ನೆಗೆ ಉತ್ತರ ಹುಡುಕಬಹುದಿತ್ತು: ಇಪ್ಪತ್ತೆರಡು ಜನ ಒಬ್ಬರ ಮೇಲೊಬ್ಬರು ಬಿದ್ದು ಆಡುವಾಗ ಸೋಂಕು ಹರಡದೇ ಇರುತ್ತದೆಯೇ?

ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಜಾಣತನದಿಂದ ಅಳೆದರು. ಅಲ್ಲಿನ ಲೀಗಿನ ಪಂದ್ಯಗಳಲ್ಲಿ ಪ್ರತಿ ಆಟಗಾರ ಯಾವ ಕ್ಷಣ ಎಲ್ಲಿದ್ದ ಎಂಬ ಕ್ಯಾಮೆರಾ ದಾಖಲೆ ಮೊದಲೇ ಇತ್ತು. ಅಂಥ 14 ಪಂದ್ಯ ತೆಗೆದುಕೊಂಡು, ಒಬ್ಬನಿಗೆ ಸೋಂಕಿದೆ ಎಂದು ಊಹಿಸಿ, ಉಳಿದವರು ಅವನಿಂದ ಒಂದೂವರೆ ಮೀಟರ್ ಒಳಗೆ ಎಷ್ಟು ಹೊತ್ತು ಇರುತ್ತಾರೆ ಎಂದು ಲೆಕ್ಕ ಹಾಕಿದರು. ಇಡೀ ಪಂದ್ಯದಲ್ಲಿ ಸರಾಸರಿ 1 ನಿಮಿಷ 28 ಸೆಕೆಂಡ್. ‘ನಿಕಟ ಸಂಪರ್ಕ’ ಎಂದು ಆಗ ಆರೋಗ್ಯ ಇಲಾಖೆಗಳು ಬರೆದುಕೊಳ್ಳುತ್ತಿದ್ದದ್ದು ಸಾಮಾನ್ಯವಾಗಿ 15 ನಿಮಿಷ ಹತ್ತಿರ ಇದ್ದವರನ್ನು. ಟಿ.ವಿ.ಯಲ್ಲಿ ನಾವು ನೋಡುವುದು ಚೆಂಡಿನ ಸುತ್ತಲಿನ ನೂಕುನುಗ್ಗಲನ್ನು ಮಾತ್ರ. ಮೈದಾನದ ಉಳಿದ ಭಾಗದಲ್ಲಿ ಆಟಗಾರರು ಹೊಲದಲ್ಲಿ ಬೆದರುಬೊಂಬೆ ನೆಟ್ಟ ಹಾಗೆ ಹರಡಿಕೊಂಡಿರುತ್ತಾರೆ. ಜೊತೆಗೆ ಬಯಲು ಗಾಳಿ. ಉಸಿರಿನಲ್ಲಿ ಬಂದ ಸಣ್ಣ ಹನಿಗಳು ಮುಚ್ಚಿದ ಕೋಣೆಯಲ್ಲಿ ಹೊಗೆಯಂತೆ ಕವಿದುಕೊಳ್ಳುತ್ತವೆ, ಬಯಲಲ್ಲಿ ಚದುರಿಹೋಗುತ್ತವೆ.

ಹಾಗಾದರೆ ಅಪಾಯ ಎಲ್ಲಿತ್ತು? ಡ್ರೆಸ್ಸಿಂಗ್ ರೂಮಿನಲ್ಲಿ, ಬಸ್ಸಿನಲ್ಲಿ, ಊಟದ ಮೇಜಿನಲ್ಲಿ. ಮೇ ತಿಂಗಳ ಆರಂಭದಲ್ಲಿ ಹೆರ್ಥಾ ಬರ್ಲಿನ್‌ನ ಸಾಲೊಮನ್ ಕಾಲೂ ತನ್ನ ತಂಡದ ಡ್ರೆಸ್ಸಿಂಗ್ ರೂಮಿನೊಳಗೆ ಕೈಕುಲುಕುತ್ತ ಓಡಾಡಿದ್ದನ್ನು ತಾನೇ ನೇರಪ್ರಸಾರ ಮಾಡಿ ಅಮಾನತಾದದ್ದು ಇದೇ ಕಾರಣಕ್ಕೆ. ಜರ್ಮನ್ ರಾಷ್ಟ್ರೀಯ ತಂಡದ ವೈದ್ಯ ಟಿಮ್ ಮೇಯರ್ ಮುಂದಾಳತ್ವದ ಸಮಿತಿ ರೂಪಿಸಿದ ನಿಯಮಗಳೂ ಬಹುಪಾಲು ಆಟದ ಹೊರಗಿನ ಬದುಕಿಗೇ ಸೇರಿದ್ದವು.

ಟೆಸ್ಟಿನ ವಿಚಾರದಲ್ಲಿ ಒಂದು ಮಾತು. ‘ನೆಗೆಟಿವ್ ಬಂದಿದೆ, ಇನ್ನೇನು ಭಯ’ ಎಂಬ ಧೈರ್ಯ ಆಗ ನಮ್ಮೂರುಗಳಲ್ಲೂ ಓಡಾಡುತ್ತಿತ್ತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ಹಲವು ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದಾಗ, ಸೋಂಕು ತಗುಲಿದ ನಾಲ್ಕನೆಯ ದಿನವೂ ಆರ್‌ಟಿ–ಪಿಸಿಆರ್ ಪರೀಕ್ಷೆ ನೂರರಲ್ಲಿ 67 ಮಂದಿಯನ್ನು ‘ಸೋಂಕಿಲ್ಲ’ ಎಂದು ಬಿಟ್ಟುಬಿಡುತ್ತಿತ್ತು. ಎಂಟನೆಯ ದಿನಕ್ಕೆ ಈ ತಪ್ಪು 20ಕ್ಕೆ ಇಳಿಯುತ್ತಿತ್ತು. ವೈರಸ್ ಗಂಟಲಲ್ಲಿ ಸಾಕಷ್ಟು ಬೆಳೆಯುವವರೆಗೆ ಕಡ್ಡಿಗೆ ಸಿಗುವುದಿಲ್ಲ, ಅಷ್ಟೇ. ಹಾಗಾಗಿ ಒಂದು ಟೆಸ್ಟ್ ಅಂದರೆ ಒಂದು ಗಂಟು ಬಿಚ್ಚಿಹೋದ ಬಲೆ. ಮೂರು ದಿನಕ್ಕೊಮ್ಮೆ ಬೀಸುತ್ತಿದ್ದರೆ ಮೀನು ಇವತ್ತಲ್ಲ ನಾಳೆ ಸಿಕ್ಕೇ ಸಿಗುತ್ತದೆ. ಇಂಗ್ಲೆಂಡಿನಲ್ಲಿ ಮೊದಲ ಸುತ್ತಿನ 748 ಪರೀಕ್ಷೆಗಳಲ್ಲಿ ಸಿಕ್ಕವರು ಆರು ಮಂದಿ. ಜರ್ಮನಿಯಲ್ಲಿ ಡೈನಮೋ ಡ್ರೆಸ್ಡನ್ ತಂಡಕ್ಕೆ ತಂಡವೇ ಎರಡು ವಾರ ಮನೆಯೊಳಗೆ ಕೂರಬೇಕಾಯಿತು. ಆದರೆ ಲೀಗ್ ಕೊನೆಯವರೆಗೂ ನಡೆದು ಮುಗಿಯಿತು.

ಮುಗಿಯುವುದಕ್ಕೆ ಮುಖ್ಯ ಕಾರಣ ಆಟಗಾರರ ಶಿಸ್ತಲ್ಲ ಎಂಬುದು ನನ್ನ ಅಭಿಪ್ರಾಯ. ಗ್ಯಾಲರಿ ಖಾಲಿ ಇತ್ತು.

ಫೆಬ್ರುವರಿ 19ರ ರಾತ್ರಿಗೆ ಹೋಗಿ ನೋಡಿ. ಇಟಲಿಯ ಬೆರ್ಗಮೊ ಊರಿನ ಅಟಲಾಂಟಾ ತಂಡಕ್ಕೆ ಚಾಂಪಿಯನ್ಸ್ ಲೀಗಿನಲ್ಲಿ ಸ್ಪೇನಿನ ವಲೆನ್ಸಿಯಾ ಎದುರಾಳಿ. ಕ್ಲಬ್ಬಿನ ಚರಿತ್ರೆಯಲ್ಲೇ ಅಷ್ಟು ದೊಡ್ಡ ಪಂದ್ಯ ಇನ್ನೊಂದಿರಲಿಲ್ಲ. ಬೆರ್ಗಮೊದ ಮೈದಾನ ಸಜ್ಜಾಗಿರದ ಕಾರಣ ಆಟ ಐವತ್ತು ಕಿಲೋಮೀಟರ್ ಆಚೆ ಮಿಲಾನಿನ ಸಾನ್ ಸಿರೊದಲ್ಲಿ. ಸುಮಾರು 1.2 ಲಕ್ಷ ಜನಸಂಖ್ಯೆಯ ಊರು ಮತ್ತು ಅದರ ಸುತ್ತಲಿನಿಂದ 40,000ದಷ್ಟು ಜನ ಬಸ್ಸು, ರೈಲು, ಕಾರು ಹತ್ತಿ ಹೊರಟರು. ಅಟಲಾಂಟಾ ನಾಲ್ಕು ಗೋಲು ಹೊಡೆಯಿತು; ನಾಲ್ಕು ಸಲ ಅಷ್ಟೂ ಜನ ಕೂಗಿದರು, ತಬ್ಬಿಕೊಂಡರು, ಗುರುತಿಲ್ಲದವರ ಕೆನ್ನೆಗೆ ಮುತ್ತಿಟ್ಟರು. ಎರಡೇ ದಿನದಲ್ಲಿ ಅದೇ ಪ್ರಾಂತ್ಯದ ಕೊಡೊನ್ಯೊದಲ್ಲಿ ಇಟಲಿಯ ಮೊದಲ ಸ್ಥಳೀಯ ಪ್ರಕರಣ ಬಯಲಾಯಿತು. ಮಾರ್ಚ್‌ನಲ್ಲಿ ಬೆರ್ಗಮೊದ ಶವಪೆಟ್ಟಿಗೆಗಳನ್ನು ಸೇನೆಯ ಲಾರಿಗಳು ಸಾಗಿಸಿದವು. ಅಲ್ಲಿನ ಆಸ್ಪತ್ರೆಯ ಶ್ವಾಸಕೋಶ ತಜ್ಞ ಫಾಬಿಯಾನೊ ಡಿ ಮಾರ್ಕೊ ಆ ಪಂದ್ಯವನ್ನು ‘ಜೈವಿಕ ಬಾಂಬ್’ ಎಂದು ಕರೆದರು. ಎಲ್ಲವನ್ನೂ ಒಂದು ಪಂದ್ಯದ ತಲೆಗೆ ಕಟ್ಟಲಾಗದು, ವೈರಸ್ ಅಷ್ಟರಲ್ಲಿ ಆ ಸೀಮೆಯಲ್ಲಿ ಓಡಾಡುತ್ತಲೇ ಇತ್ತು. ಆದರೆ ಒಲೆಯಲ್ಲಿ ಕೆಂಡವಿದ್ದಾಗ ಸೀಮೆಎಣ್ಣೆ ಸುರಿದ ಹಾಗಾಯಿತು.

ಯಾಕೆ ಹಾಗೆ? ಒಂದು, ಗಂಟಲು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯವರು 2019ರಲ್ಲೇ ತೋರಿಸಿದ್ದರು: ಮೆಲುದನಿಯಲ್ಲಿ ಮಾತಾಡುವಾಗ ಬಾಯಿಂದ ಸೆಕೆಂಡಿಗೆ ಒಂದರಷ್ಟು ಸಣ್ಣ ಕಣ ಹೊರಟರೆ, ದನಿ ಏರಿಸಿದಾಗ ಅದು 50ರವರೆಗೆ ಹೋಗುತ್ತದೆ. ಗ್ಯಾಲರಿಯಲ್ಲಿ ಮೆಲುದನಿ ಎಲ್ಲಿಂದ ಬರಬೇಕು? ಎರಡನೆಯದು ಇನ್ನೂ ಕುತೂಹಲದ್ದು. ಕೋವಿಡ್ ಎಲ್ಲರಿಂದಲೂ ಸಮನಾಗಿ ಹರಡುತ್ತಿರಲಿಲ್ಲ. ಬಹುಪಾಲು ಸೋಂಕಿತರು ಒಬ್ಬರಿಗೆ ದಾಟಿಸಿದರೆ ಹೆಚ್ಚು. ಹತ್ತರಲ್ಲಿ ಒಬ್ಬಿಬ್ಬರು ಮಾತ್ರ ಒಟ್ಟು ಸೋಂಕಿನ ಎಂಬತ್ತು ಭಾಗಕ್ಕೆ ಕಾರಣರಾಗುತ್ತಿದ್ದರು. ಮನೆಯಲ್ಲಿ ನಾಲ್ಕು ಜನರೊಡನೆ ಕೂತಾಗ ಅಂಥವನಿಗೂ ಸಿಗುವುದು ನಾಲ್ಕೇ ಜನ. ಬಸ್ಸು, ಬಾರು, ಗೇಟಿನ ಸಾಲು ಎಂದು ಸುತ್ತಿದರೆ ಅವನಿಗೆ ಇಡೀ ಊರೇ ಸಿಗುತ್ತದೆ.

ಮಾರ್ಚ್ 11ರಂದು, ವಿಶ್ವ ಆರೋಗ್ಯ ಸಂಸ್ಥೆ ‘ಇದು ಮಹಾಸಾಂಕ್ರಾಮಿಕ’ ಎಂದ ದಿನವೇ, ಲಿವರ್‌ಪೂಲ್‌ನ ಆನ್‌ಫೀಲ್ಡ್‌ನಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಅವರಲ್ಲಿ ಅಟ್ಲೆಟಿಕೊ ಮ್ಯಾಡ್ರಿಡ್‌ನ ಸುಮಾರು 3,000 ಅಭಿಮಾನಿಗಳು. ಮ್ಯಾಡ್ರಿಡ್‌ನಲ್ಲಿ ಅಷ್ಟರಲ್ಲಿ ಶಾಲೆಗೆ ಬೀಗ ಬಿದ್ದಿತ್ತು, ಸ್ಪೇನಿನ ಪಂದ್ಯಗಳಿಗೆ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ತಮ್ಮೂರಲ್ಲಿ ಕೂತು ನೋಡಬಾರದು, ವಿಮಾನ ಹತ್ತಿ ಹೋಗಿ ನೋಡಬಹುದು! ಕೆಲವು ವಾರಗಳ ನಂತರ ಸುತ್ತಲಿನ ಆಸ್ಪತ್ರೆಗಳಲ್ಲಿ ಆದ 41 ಹೆಚ್ಚುವರಿ ಸಾವುಗಳಿಗೂ ಆ ಪಂದ್ಯಕ್ಕೂ ನಂಟಿದೆ ಎಂದು ಬ್ರಿಟನ್ನಿನ ಒಂದು ಆರೋಗ್ಯ ವಿಶ್ಲೇಷಣಾ ಸಂಸ್ಥೆ ಅಂದಾಜು ಮಾಡಿತು.

ಮುಂದಿನ ವರ್ಷ ಯುರೋ ಕಪ್ ನಡೆದಾಗ ಇನ್ನಷ್ಟು ಸ್ಪಷ್ಟ ಪುರಾವೆ ಸಿಕ್ಕಿತು. ಸ್ಕಾಟ್ಲೆಂಡಿನ ಆರೋಗ್ಯ ಇಲಾಖೆ ಆ ಟೂರ್ನಿಗೆ ಸಂಬಂಧಿಸಿದ 1,991 ಪ್ರಕರಣಗಳನ್ನು ಪತ್ತೆ ಮಾಡಿತು. ಅವರಲ್ಲಿ 1,294 ಮಂದಿ ಲಂಡನ್ನಿಗೆ ಹೋಗಿಬಂದವರು. ಆದರೆ ವೆಂಬ್ಲಿ ಸ್ಟೇಡಿಯಮ್ಮಿನ ಒಳಗೆ ಕಾಲಿಟ್ಟವರು 397 ಮಾತ್ರ! ಉಳಿದವರು ಟಿಕೆಟ್ ಇಲ್ಲದೆಯೇ ಹೋಗಿ, ಪಬ್ಬಿನಲ್ಲಿ, ಚೌಕದಲ್ಲಿ, ರೈಲಿನಲ್ಲಿ ಹಾಡಿ ಬಂದವರು. ಹತ್ತರಲ್ಲಿ ಒಂಬತ್ತು ಜನ ಗಂಡಸರು.

ಈ ಕೊನೆಯ ಅಂಶವನ್ನೇ ಜರ್ಮನಿಯ ಗಟಿಂಗನ್‌ನ ಸಂಶೋಧಕರು ಅಳತೆಗೋಲು ಮಾಡಿಕೊಂಡರು. ಪಂದ್ಯದಿಂದ ಬಂದ ಸೋಂಕನ್ನು ಊರಲ್ಲಿ ಹೇಗೂ ಹರಡುತ್ತಿದ್ದ ಸೋಂಕಿನಿಂದ ಬೇರ್ಪಡಿಸುವುದು ಹೇಗೆ? ಮದುವೆ, ಆಫೀಸು, ಶಾಲೆಯಿಂದ ಹರಡುವ ರೋಗ ಹೆಣ್ಣು ಗಂಡಿಗೆ ಹೆಚ್ಚುಕಡಿಮೆ ಸಮವಾಗಿ ತಗಲುತ್ತದೆ. ಫುಟ್‌ಬಾಲ್ ನೋಡಲು ಗುಂಪುಗೂಡುವವರು ಹೆಚ್ಚಾಗಿ ಗಂಡಸರು. ಹಾಗಾದರೆ ದೇಶದ ತಂಡ ಆಡಿದ ದಿನಗಳ ಬೆನ್ನಿಗೆ ಗಂಡಸರ ಸಂಖ್ಯೆ ಏಕಾಏಕಿ ಮೇಲಕ್ಕೆ ಚಿಮ್ಮಿದರೆ, ಆ ವ್ಯತ್ಯಾಸವೇ ಫುಟ್‌ಬಾಲಿನ ಹೆಜ್ಜೆಗುರುತು. ಹನ್ನೆರಡು ದೇಶಗಳ ಲೆಕ್ಕ ತೆಗೆದಾಗ, ಗಂಡಸರಿಂದ ಮನೆಯವರಿಗೆ ದಾಟಿದ್ದೂ ಸೇರಿ, ಸುಮಾರು 8.4 ಲಕ್ಷ ಹೆಚ್ಚುವರಿ ಸೋಂಕು ಸಿಕ್ಕಿತು. ದೊಡ್ಡ ಪಾಲು ಇಂಗ್ಲೆಂಡಿನದು. ಫೈನಲ್‌ವರೆಗೂ ಹೋದ ತಂಡ ಅದು, ಪ್ರತಿ ಗೆಲುವಿಗೂ ಇನ್ನೊಂದು ಜಾತ್ರೆ. ಇಷ್ಟು ಚೊಕ್ಕವಾದ ಉಪಾಯ ಇಡೀ ಕೋವಿಡ್ ಕಾಲದಲ್ಲಿ ನಾನು ಓದಿದ್ದು ಕಡಿಮೆ.

ಖಾಲಿ ಸ್ಟೇಡಿಯಂ ಮಾತ್ರ ಸಾಲದು ಎಂಬುದು ಲಿವರ್‌ಪೂಲ್‌ನಲ್ಲೂ ಕಂಡಿತು. 2020ರ ಜೂನ್ 25ರಂದು ಚೆಲ್ಸಿ ಕೈಲಿ ಮ್ಯಾಂಚೆಸ್ಟರ್ ಸಿಟಿ ಸೋತು ಪ್ರಶಸ್ತಿ ಖಚಿತವಾದಾಗ ಆಟಗಾರರು ಹೋಟೆಲಿನಲ್ಲಿ ಟಿ.ವಿ. ನೋಡುತ್ತಿದ್ದರು, ಸಾವಿರಾರು ಜನ ಬೀಗ ಹಾಕಿದ ಆನ್‌ಫೀಲ್ಡ್ ಮುಂದೆ ಕೆಂಪು ಹೊಗೆ ಹಾರಿಸುತ್ತಿದ್ದರು.

ಅಭಿಮಾನಿಗಳು ಹೇಳುತ್ತಿದ್ದ ಇನ್ನೊಂದು ಮಾತಿತ್ತು: ನಾವಿಲ್ಲದೆ ಆಟ ಆಟವೇ ಅಲ್ಲ. ಇದು ಬರೀ ಭಾವುಕತೆ ಅಂದುಕೊಂಡಿದ್ದೆ. ದೆವ್ವದ ಆಟಗಳು ಅದನ್ನೂ ಪರೀಕ್ಷೆಗೆ ಒಡ್ಡಿದವು. ತವರು ನೆಲದ ಬಲ ಎಂದರೆ ಏನು ಎಂದು ಹಿಂದೆ ಯಾರೂ ಬಿಡಿಸಿ ನೋಡಲು ಆಗಿರಲಿಲ್ಲ. ಪ್ರಯಾಣದ ಆಯಾಸವೋ, ಪರಿಚಿತ ಹುಲ್ಲೋ, ಜನರ ಕೂಗೋ? ಈಗ ಉಳಿದದ್ದೆಲ್ಲ ಹಾಗೇ ಇದ್ದು ಜನ ಮಾತ್ರ ಮಾಯ. ಜರ್ಮನಿಯ ಮೊದಲ ವಾರದ ಒಂಬತ್ತು ಪಂದ್ಯಗಳಲ್ಲಿ ತವರಲ್ಲಿ ಗೆದ್ದದ್ದು ಡಾರ್ಟ್‌ಮಂಡ್ ಒಂದೇ. ಬಿಡುವಿಗೆ ಮುಂಚೆ ನೂರಕ್ಕೆ 43ರಷ್ಟಿದ್ದ ತವರು ಗೆಲುವು ಆಮೇಲೆ 33ರ ಆಸುಪಾಸಿಗೆ ಕುಸಿಯಿತು. ಹನ್ನೊಂದು ದೇಶಗಳ 4,844 ಪಂದ್ಯಗಳನ್ನು ನೋಡಿದ ಅಧ್ಯಯನದಲ್ಲಿ ತವರು ತಂಡದ ಗೋಲು, ಅಂಕ ಇಳಿದವು. ಅತಿಥಿ ತಂಡಕ್ಕೆ ಬೀಳುತ್ತಿದ್ದ ಹಳದಿ ಕಾರ್ಡುಗಳೂ ಇಳಿದವು. ಕಾರ್ಡು ಕೊಡುವವನು ರೆಫರಿ.

ಇದರ ಸುಳಿವು 2002ರಲ್ಲೇ ಸಿಕ್ಕಿತ್ತು. ಇಂಗ್ಲೆಂಡಿನಲ್ಲಿ ನಲವತ್ತು ರೆಫರಿಗಳಿಗೆ ಲಿವರ್‌ಪೂಲ್–ಲೆಸ್ಟರ್ ಪಂದ್ಯದ 47 ಡಿಕ್ಕಿಗಳ ವಿಡಿಯೊ ತೋರಿಸಿ ‘ಫೌಲ್ ಹೌದೋ ಅಲ್ಲವೋ’ ಎಂದು ಕೇಳಿದ್ದರು. ಕೆಲವರಿಗೆ ಸದ್ದಿನೊಂದಿಗೆ, ಉಳಿದವರಿಗೆ ಸದ್ದಿಲ್ಲದೆ. ಗ್ಯಾಲರಿಯ ಗದ್ದಲ ಕೇಳಿಸಿಕೊಂಡವರು ತವರು ತಂಡದ ಮೇಲೆ ಸುಮಾರು ಶೇ 15ರಷ್ಟು ಕಡಿಮೆ ಫೌಲ್ ಹೊರಿಸಿದರು. ಅವರು ಬೇಕೆಂದೇ ಮಾಡಿದ್ದಲ್ಲ. ಕಣ್ಣಿಗೆ ಅನುಮಾನವಿದ್ದಾಗ ಮಿದುಳು ಕಿವಿಯ ಸಾಕ್ಷಿಯನ್ನೂ ಕರೆಸಿಕೊಳ್ಳುತ್ತದೆ. ಸಾವಿರಾರು ಜನ ಒಟ್ಟಿಗೆ ‘ಹೋ!’ ಅಂದರೆ ಏನೋ ತಪ್ಪು ನಡೆದಿರಲೇಬೇಕು ಅನ್ನಿಸುತ್ತದೆ.

ಪ್ರೀಮಿಯರ್ ಲೀಗ್ ಮರಳಿದ್ದು 2020ರ ಜೂನ್ 17ರಂದು, ಆಸ್ಟನ್ ವಿಲ್ಲಾ ಮತ್ತು ಶೆಫೀಲ್ಡ್ ಯುನೈಟೆಡ್ ಪಂದ್ಯದೊಂದಿಗೆ. ಮೊದಲರ್ಧದಲ್ಲಿ ಶೆಫೀಲ್ಡ್‌ನ ಫ್ರೀ ಕಿಕ್ ಹಿಡಿದ ವಿಲ್ಲಾ ಗೋಲಿ, ಚೆಂಡಿನೊಂದಿಗೆ ಗೆರೆಯ ಆಚೆಗೇ ಹೋಗಿಬಿಟ್ಟ. ಟಿ.ವಿ. ನೋಡುತ್ತಿದ್ದ ಮಕ್ಕಳಿಗೂ ಕಂಡಿತು. ಆದರೆ ಗೋಲಿನ ಸುತ್ತಲಿನ ಏಳು ಕ್ಯಾಮೆರಾಗಳಿಗೂ ಗೋಲಿಯೋ ಕಂಬವೋ ಅಡ್ಡ ಬಂದು, ಚೆಂಡು ಗೆರೆ ದಾಟಿದರೆ ನಡುಗಿ ತಿಳಿಸಬೇಕಾದ ರೆಫರಿಯ ಕೈಗಡಿಯಾರ ಮಿಸುಕಲೇ ಇಲ್ಲ. ಪಂದ್ಯ 0–0. ಋತುವಿನ ಕೊನೆಗೆ ವಿಲ್ಲಾ ಒಂದೇ ಒಂದು ಅಂಕದಿಂದ ಲೀಗಿನಲ್ಲಿ ಉಳಿದುಕೊಂಡಿತು. ಅವತ್ತು ಗ್ಯಾಲರಿ ತುಂಬಿದ್ದರೆ ರೆಫರಿಗೆ ಅನುಮಾನವಾದರೂ ಬರುತ್ತಿತ್ತೇನೋ ಎಂದು ಯೋಚಿಸಿದ್ದೇನೆ. ಆದರೆ ಗ್ಯಾಲರಿಯಲ್ಲಿ ಬಹುಪಾಲು ಇರುತ್ತಿದ್ದದ್ದು ವಿಲ್ಲಾ ಕಡೆಯವರು. ಅವರು ಬಾಯಿ ಬಿಡುತ್ತಿದ್ದರೇ?