ಮೂರು ಬದಿಯ ಅಂಗಳದಲ್ಲಿ ಜಾದೂ

ಮೆಹೆಂದಿ ಕಾರ್ಯಕ್ರಮಕ್ಕೆ ಜಾದೂ ಬೇಕೆಂದು ಫೋನ್ ಮಾಡುವವರು ಮೊದಲು ಸಂಭಾವನೆ ಎಷ್ಟೆಂದು ಕೇಳುತ್ತಾರೆ. ನಾನು ಅಂಗಳದಲ್ಲಿ ಕುರ್ಚಿಗಳನ್ನು ಯಾವ ದಿಕ್ಕಿಗೆ ಹಾಕುತ್ತೀರಿ ಎಂದು ಕೇಳುತ್ತೇನೆ. ಕರಾವಳಿಯ ಯಕ್ಷಗಾನ ಬಯಲಾಟವನ್ನು ರಂಗಸ್ಥಳದ ಮೂರು ಬದಿಯಲ್ಲೂ ಕುಳಿತು ನೋಡಿ ಬೆಳೆದವರು ನಾವು, ಹಾಗಾಗಿ ಮದುವೆ ಮನೆಯಲ್ಲೂ ಜನ ಯಾರೂ ಹೇಳದೆಯೇ ಹಾಗೆ ಸುತ್ತುವರಿದು ಕೂರುತ್ತಾರೆ. ವೇಷಧಾರಿಗೆ ಅದು ಅನುಕೂಲ, ಜಾದೂಗಾರನಿಗೆ ಸಂಕಟ. ಅಂಗೈಯಲ್ಲಿ ನಾಣ್ಯ ಅಡಗಿಸಿದಾಗ ಎದುರಿನವರಿಗೆ ಕೈಯ ಹಿಂಬದಿಯಷ್ಟೇ ಕಾಣುತ್ತದೆ, ಆದರೆ ತೀರಾ ಪಕ್ಕಕ್ಕೆ ಕುಳಿತವರಿಗೆ ಹೆಬ್ಬೆರಳಿನ ಸಂದಿಯಲ್ಲಿ ಅದರ ಅಂಚು ಹೊಳೆದುಬಿಡುತ್ತದೆ.

ಬ್ರಹ್ಮಾವರದ ಕಡೆಯ ಒಂದು ಮನೆಯಲ್ಲಿ, ಅಡುಗೆಕೋಣೆಯ ಬಾಗಿಲಿನಿಂದ ಬಂದು ನನ್ನ ಬೆನ್ನ ಹಿಂದೆ ನಿಂತಿದ್ದ ಹುಡುಗನೊಬ್ಬ, ಕರವಸ್ತ್ರ ಮಾಯವಾದ ಗಳಿಗೆಯಲ್ಲೇ "ಅದು ಅವರ ಕಿಸೆಯಲ್ಲಿ ಉಂಟು!" ಎಂದು ಕೂಗಿದ. ಎಲ್ಲರೂ ನಕ್ಕರು, ನಾನೂ ನಕ್ಕೆ, ಬೇರೇನು ಮಾಡುವುದು? ಅಂದಿನಿಂದ ಬೆನ್ನಿಗೆ ಗೋಡೆಯೋ ಪರದೆಯೋ ಇಲ್ಲದೆ ನಾನು ಪೆಟ್ಟಿಗೆ ತೆರೆಯುವುದಿಲ್ಲ. ಅದೂ ಸಿಗದ ಜಾಗದಲ್ಲಿ ಹಗ್ಗ ಕತ್ತರಿಸಿ ಕೂಡಿಸುವುದು ಮತ್ತು ಚೆಂಬಿನ ನೀರು ನನ್ನ ಆಸರೆ. ಖಾಲಿಯಾದ ಚೆಂಬಿನಿಂದ ಮತ್ತೆ ಮತ್ತೆ ನೀರು ಸುರಿಯುವ ಆ ಐಟಂ ಅನ್ನು ಹೆಸರಾಂತ ಜಾದೂಗಾರ ಪಿ.ಸಿ. ಸರ್ಕಾರ್ ಅವರು 'ವಾಟರ್ ಆಫ್ ಇಂಡಿಯಾ' ಎಂಬ ಹೆಸರಿನಲ್ಲಿ ಪ್ರದರ್ಶನದುದ್ದಕ್ಕೂ ನಡುನಡುವೆ ತರುತ್ತಿದ್ದರು. ಯಾವ ಬದಿಯಿಂದ ನೋಡಿದರೂ ಅದರ ಗುಟ್ಟು ಬಿಟ್ಟುಕೊಡದು (ನಾನೂ ಬಿಟ್ಟುಕೊಡುವವನಲ್ಲ).

ಕರಾವಳಿಯ ಇನ್ನೊಂದು ಶತ್ರು ತೇವ. ಮಳೆಗಾಲದ ಆಟಿ ತಿಂಗಳಲ್ಲಿ ಮದುವೆಗಳಿಲ್ಲದಿದ್ದರೂ ಅದು ಕಳೆಯುತ್ತಲೇ ಅಷ್ಟಮಿ, ಚೌತಿಯ ವೇದಿಕೆಗಳಿರುತ್ತವೆ, ಮತ್ತು ಆ ಹೊತ್ತಿಗೆ ಕಾಗದದ ಇಸ್ಪೀಟು ಎಲೆಗಳು ಗಾಳಿಯ ನೀರನ್ನು ಹೀರಿ ಉಬ್ಬಿ, ಬಾಗಿ, ಬೀಸಣಿಗೆಯಂತೆ ಬಿಡಿಸಲು ಹೋದರೆ ಮೂರು ನಾಲ್ಕು ಒಂದಕ್ಕೊಂದು ಅಂಟಿಕೊಂಡೇ ಬರುತ್ತವೆ. ಎಲೆಗಳು ಸಲೀಸಾಗಿ ಜಾರಲೆಂದು ಅವುಗಳಿಗೆ ಸವರುವ ಜಿಂಕ್ ಸ್ಟಿಯರೇಟ್ ಪುಡಿಯಿಂದ ಸ್ವಲ್ಪ ಹೊತ್ತು ನಿಭಾಯಿಸಬಹುದು. ನಾನು ಕಟ್ಟುಗಳನ್ನು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಬಿಗಿ ಮುಚ್ಚಳದ ಡಬ್ಬದಲ್ಲಿಟ್ಟು, ಪ್ರದರ್ಶನಕ್ಕೆ ಹತ್ತು ನಿಮಿಷವಿರುವಾಗ ಮಾತ್ರ ಹೊರತೆಗೆಯುತ್ತೇನೆ. ರೇಷ್ಮೆ ಕರವಸ್ತ್ರಗಳಿಗೂ ಅದೇ ಉಪಚಾರ, ಏಕೆಂದರೆ ತೇವ ಹಿಡಿದ ರೇಷ್ಮೆ ಮುಷ್ಟಿಯಿಂದ ಅರಳಿ ಹೊಮ್ಮುವ ಬದಲು ಮುದ್ದೆಯಾಗಿ ಬೀಳುತ್ತದೆ.

ಕಿಡಿ ತಾಗಿದೊಡನೆ ಭಗ್ಗನೆ ಉರಿದು ಮಾಯವಾಗುವ ಫ್ಲ್ಯಾಶ್ ಪೇಪರ್ ಅಂತೂ, ಸುಲಭವಾಗಿ ಹೊತ್ತಿಕೊಳ್ಳುವ ನೈಟ್ರೋಸೆಲ್ಯುಲೋಸ್‌ನಿಂದ ಆದದ್ದು. ಸುರಕ್ಷತೆಗಾಗಿ ಅದನ್ನು ಒದ್ದೆಯಾಗಿಯೇ ಇಟ್ಟು, ಬೇಕಾದಷ್ಟನ್ನೇ ಒಣಗಿಸಿ ಬಳಸಬೇಕು. ಜುಲೈ ತಿಂಗಳ ಮಂಗಳೂರಿನಲ್ಲಿ ಅದು ಗಾಳಿಗೆ ಒಣಗುವುದಿಲ್ಲ, ಒಲೆಯ ಹತ್ತಿರ ಒಣಗಿಸುವ ಸಾಹಸ ಯಾರಿಗೂ ಬೇಡ. ಆದ್ದರಿಂದ ಮಳೆಗಾಲ ಮುಗಿಯುವವರೆಗೆ ನನ್ನ ಪಟ್ಟಿಯಲ್ಲಿ ಬೆಂಕಿಯ ಐಟಂ ಒಂದೂ ಇರುವುದಿಲ್ಲ.