ಯೆಲ್ಲೋ ಅಲರ್ಟ್ ಬಂದರೆ ಅಂಗಳದ ಚಾಲಿ ಎತ್ತಿಡಬೇಕೇ?

ಪ್ರಶ್ನೆ: ಡಿಸೆಂಬರ್‌ನಲ್ಲಿ ಜಿಲ್ಲೆಗೆ ಯೆಲ್ಲೋ ಅಲರ್ಟ್ ಅಂದರು. ಅಂಗಳದ ಚಾಲಿಯನ್ನೆಲ್ಲ (ಸಿಪ್ಪೆಸಮೇತ ಒಣಹಾಕಿದ ಹಣ್ಣಡಿಕೆ) ಎತ್ತಿಟ್ಟೆವು, ಹನಿ ಬೀಳಲಿಲ್ಲ. ಮತ್ತೊಂದು ದಿನ ಅಲರ್ಟೇ ಇರಲಿಲ್ಲ, ಸಂಜೆ ಸುರಿದು ಎಲ್ಲ ತೊಯ್ದುಹೋಯಿತು. ಈ ಬಣ್ಣಗಳನ್ನು ನಂಬುವುದು ಹೇಗೆ? (ಶಿರಸಿ ಸೀಮೆಯ ಓದುಗರು)

ಉತ್ತರ: ಆ ಬಣ್ಣಗಳ ಲೆಕ್ಕ ಇರುವುದು ಹೊಳೆ, ಗುಡ್ಡ, ರಸ್ತೆಗಳಿಗೆ, ನಿಮ್ಮ ಅಂಗಳಕ್ಕಲ್ಲ. ಹವಾಮಾನ ಇಲಾಖೆಯ ಅಳತೆಯಲ್ಲಿ 24 ಗಂಟೆಗೆ 64.5 ಮಿ.ಮೀ. ಮುಟ್ಟಿದರೆ ‘ಭಾರಿ ಮಳೆ’, ಸಾಮಾನ್ಯವಾಗಿ ಯೆಲ್ಲೋ. 115.6ರಿಂದ ಆರೆಂಜ್, 204.5ರಿಂದ ರೆಡ್. ಅಡಿಕೆ ತೊಯ್ಯಲು 5 ಮಿ.ಮೀ. ಸಾಕು, ಅಷ್ಟಕ್ಕೆ ಯಾವ ಬಣ್ಣವೂ ಬರುವುದಿಲ್ಲ. ಬರೀ ಗುಡುಗು-ಗಾಳಿಗೂ ಯೆಲ್ಲೋ ಕೊಡುವುದುಂಟು, ಕಾರಣ ಓದಿ.

ಬಣ್ಣ ಬಿಟ್ಟು ಪಕ್ಕದ ಮಾತು ನೋಡಿ. ‘ಒಂದೆರಡು ಕಡೆ’ ಅಂದರೆ ಮಳೆಮಾಪಕಗಳಲ್ಲಿ ಕಾಲುಭಾಗಕ್ಕಿಂತ ಹೆಚ್ಚಿಲ್ಲ. ‘ಬಹುತೇಕ ಕಡೆ’ ಅಂದರೆ ಮುಕ್ಕಾಲಿಗಿಂತ ಹೆಚ್ಚು. ಕಾರವಾರದಿಂದ ಮುಂಡಗೋಡದವರೆಗೆ ಎಲ್ಲಕ್ಕೂ ಒಂದೇ ಬಣ್ಣವಾದಾಗ ‘ಒಂದೆರಡು ಕಡೆ’ಯ ಮಳೆ ನಿಮ್ಮ ಊರು ತಪ್ಪಿಸುವುದೇ ಹೆಚ್ಚು. ಇಲಾಖೆಯ ‘ದಿನ’ ಬೆಳಿಗ್ಗೆ 8.30ಕ್ಕೆ ಶುರುವಾಗಿ ಮರುದಿನ 8.30ಕ್ಕೆ ಮುಗಿಯುತ್ತದೆ ಎಂಬುದೂ ನೆನಪಿರಲಿ.

ದೆಹಲಿ, ಪಂಜಾಬಿನ ಚಳಿಗಾಲದ ಮಳೆ ಪಶ್ಚಿಮದಿಂದ ಬರುವಂಥದ್ದು. ನಮ್ಮದು ಬಹುಮಟ್ಟಿಗೆ ಬಂಗಾಳಕೊಲ್ಲಿಯದು. 2024ರ ನವೆಂಬರ್ 30ರಂದು ಪುದುಚೇರಿ ಹತ್ತಿರ ದಡ ಮುಟ್ಟಿದ ಫೆಂಗಲ್ ಚಂಡಮಾರುತ ದುರ್ಬಲವಾಗುತ್ತ ಡಿಸೆಂಬರ್ 3ರ ಹೊತ್ತಿಗೆ ಅರಬ್ಬೀ ಸಮುದ್ರಕ್ಕೆ ಇಳಿಯಿತು, ದಾರಿಯಲ್ಲಿ ಕರಾವಳಿಗೆ ಮಳೆ ಸುರಿಸಿತು. ಹಾಗಾಗಿ ಚೆನ್ನೈ-ಪುದುಚೇರಿ ಕಡೆ ಸುದ್ದಿ ಕೇಳಿದರೆ ನಿಮಗೆ ಎರಡು ದಿನದ ಸಮಯವಿದೆ ಅಂದುಕೊಳ್ಳಿ. ಆ ಎರಡು ದಿನ ಮರದಿಂದ ಅಡಿಕೆ ಕೊನೆ (ಗೊನೆ) ಇಳಿಸಬೇಡಿ. ಮುಖ್ಯವಾಗಿ ಕೆಂಪಡಿಕೆಗೆ ಸುಲಿದು ಬೇಯಿಸಬೇಡಿ; ಬೇಯಿಸಿದ ಮೊದಲ ದಿನಗಳಲ್ಲಿ ಬಿಸಿಲು ಸಿಗದಿದ್ದರೆ ಬೂಷ್ಟು ಹಿಡಿಯುತ್ತದೆ, ಬಣ್ಣ ಮಂಕಾಗುತ್ತದೆ.

ಚಾಲಿಗೆ ಮಳೆಯಷ್ಟೇ ಶತ್ರು ತಾಡಪತ್ರಿ. ಬಿಸಿಲಿಗೆ ಕಾದ ಅಡಿಕೆಯ ಮೇಲೆ ನೇರ ಹೊದೆಸಿದರೆ ಒಳಗೆ ಬೆವರುತ್ತದೆ, ಬೆಳಿಗ್ಗೆ ಸಿಪ್ಪೆ ಮುಟ್ಟಿದರೆ ಕೈ ಒದ್ದೆ. ಮಧ್ಯಾಹ್ನ ಮೂರೂವರೆಗೆ ಅಂಗಳದ ಎತ್ತರದ ಬದಿಗೆ ಉದ್ದುದ್ದ ಗುಡ್ಡೆ ಮಾಡಿ, ಒಂದು ಗಂಟೆ ಆರಲು ಬಿಡಿ. ಬಿದಿರಿನ ಗಳ ಕಟ್ಟಿ ಅದರ ಮೇಲೆ ತಾಡಪತ್ರಿ ಎಳೆಯಿರಿ, ಎರಡು ತುದಿಯಲ್ಲಿ ಗಾಳಿಯಾಡಲಿ. ಸಿಮೆಂಟ್ ಅಂಗಳವಾದರೆ ನೀರು ಕೆಳಗಿನಿಂದಲೇ ನುಗ್ಗುತ್ತದೆ. ಗುಡ್ಡೆಯ ಮೇಲುಬದಿಗೆ ಮರಳಿನ ಚೀಲ ಸಾಲಾಗಿಡಿ. ಮಳೆ ನಿಂತ ತಕ್ಷಣ ತೆಗೆದು ತೆಳ್ಳಗೆ ಹರಡಿ, ದಿನಕ್ಕೆ ಮೂರ್ನಾಲ್ಕು ಸಲ ಕೈಯಾಡಿಸಿ. ಸಿಪ್ಪೆಯ ನಾರು ಹೀರಿದ ನೀರು ಬೇಗ ಬಿಡುವುದಿಲ್ಲ. ಉದಾಸೀನ ಮಾಡಿದರೆ ಸುಲಿದಾಗ ಚಾಲಿಯ ಬದಲು ಕಡಿಮೆ ದರ್ಜೆಯ ಬಿಳೆಗೋಟು ಕೈಗೆ ಬರುತ್ತದೆ.

ದಿನದಿನದ ತೀರ್ಮಾನಕ್ಕೆ ಇಲಾಖೆಯ ಮೂರು ಗಂಟೆಯ ಮುನ್ಸೂಚನೆ ಮತ್ತು ಸಿಡಿಲಿಗೆ ‘ದಾಮಿನಿ’ ಆ್ಯಪ್ ಸಾಕು. ಕಾರವಾರ, ಅಂಕೋಲಾದ ಮೀನುಗಾರರಿಗೆ ಮಾತ್ರ ಲೆಕ್ಕ ಬೇರೆ: ಗಾಳಿ 35–45 ಕಿ.ಮೀ. ವೇಗ, ಆಗಾಗ 55 ಎಂದಿದ್ದರೆ ಮಳೆಯ ಬಣ್ಣ ಏನೇ ಇರಲಿ, ದೋಣಿ ಬಂದರಿನಲ್ಲೇ ಇರಬೇಕು.